ನೆಗ್ಗಿದ ಚೊಂಬು, ಮಾಲಗಾದ ಬಿಸಿಲು

ನಮ್ಮ ಮನೆಯ ಸ್ಟೀಲ್ ಚೊಂಬಿನ ಹೊಟ್ಟೆಯ ಮೇಲೆ ಒಂದು ನೆಗ್ಗು ಇದೆ. ಹೆಬ್ಬೆರಳು ಇಟ್ಟರೆ ಸರಿಯಾಗಿ ಕೂರುವಷ್ಟು ದೊಡ್ಡದು. ಮನೆಗೆ ಬಂದವರು ಅದನ್ನು ನೋಡಿ, "ಇಂಡಿಯಾದಿಂದ ತರುವಾಗ ಪೆಟ್ಟು ಬಿತ್ತಾ?" ಎಂದು ಕೇಳುತ್ತಾರೆ. ಇಲ್ಲ, ಸ್ಪೇನ್ ದೇಶದಲ್ಲಿ ಬಿತ್ತು, ಮೆಡಿಟರೇನಿಯನ್ ಸಮುದ್ರದಲ್ಲಿ, ಎಂದರೆ ನನ್ನ ಮುಖವನ್ನು ಒಮ್ಮೆ ನೋಡಿ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಳ್ಳುತ್ತಾರೆ. ಅಮೆರಿಕದ ಟೆಕ್ಸಸ್‌ನಲ್ಲಿ, ನಾನಿರುವ ಲೂಯಿಸ್‌ವಿಲ್‌ನ ಕನ್ನಡದವರ ಮನೆಗಳಲ್ಲಿ ಮಾತೆಲ್ಲ ವೀಸಾ, ಮನೆ ಸಾಲ, ಮಕ್ಕಳ ಈಜಿನ ಕ್ಲಾಸು, ಇಷ್ಟರೊಳಗೇ ಸುತ್ತಬೇಕು ಎಂದು ಯಾರೂ ಬರೆದಿಡದ ಒಂದು ನಿಯಮವಿದೆ. ಚೊಂಬಿಗೆ ಅಲ್ಲಿ ಜಾಗ ಸಿಗುವುದಿಲ್ಲ. ಹಾಗಾಗಿ ನಿಮಗೆ ಹೇಳುತ್ತೇನೆ, ಕೇಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಸ್ನಾನದ ಚೊಂಬು. ನೀವು ಅಂದುಕೊಂಡದ್ದಕ್ಕಲ್ಲ.

ನನ್ನ ಜಾತಕದಲ್ಲಿ ಜಲಕಂಟಕ ಇತ್ತು. ಇಪ್ಪತ್ತೈದು ತುಂಬುವವರೆಗೂ ಮಗು ಹೊಳೆ, ಕೆರೆ, ಸಮುದ್ರಕ್ಕೆ ಇಳಿಯದಿರಲಿ ಎಂದು ನಾನು ತೊಟ್ಟಿಲಲ್ಲಿರುವಾಗಲೇ ಜೋಯಿಸರು ಹೇಳಿಬಿಟ್ಟಿದ್ದರು. ಹೇಳುವುದೇನೋ ಸುಲಭ. ಆದರೆ ನಾವಿದ್ದದ್ದು ಮಂಡ್ಯದಲ್ಲಿ. ಎಡಕ್ಕೆ ತಿರುಗಿದರೆ ನಾಲೆ, ಬಲಕ್ಕೆ ತಿರುಗಿದರೆ ನೀರು ನಿಂತ ಗದ್ದೆ, ಬಸ್ಸು ಹತ್ತಿ ಕಡಲೆಕಾಯಿ ಪೊಟ್ಟಣ ಮುಗಿಸುವಷ್ಟರಲ್ಲಿ ಕಾವೇರಿ. ರಾಜಸ್ಥಾನಕ್ಕೆ ಹೋಗಬೇಕಾದ ಜಾತಕ ವಿಳಾಸ ತಪ್ಪಿ ನಮ್ಮ ಮನೆಗೆ ಬಂದಿತ್ತು. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು, ಜಾತಕವನ್ನು ನಂಬುವವರಲ್ಲ. ಆದರೆ ಅಮ್ಮನಿಗೆ ಎದುರಾಡುವವರೂ ಅಲ್ಲ.

ಶಾಲೆಯಿಂದ ಬಲಮುರಿಗೆ ಪಿಕ್‌ನಿಕ್ ಹೋದಾಗ ಇಡೀ ತರಗತಿ ಮೊಣಕಾಲುದ್ದ ನೀರಿನಲ್ಲಿ ಕಿರುಚಾಡುತ್ತಿದ್ದರೆ ನಾನು ಬಂಡೆಯ ಮೇಲೆ ಕೂತು ಟೀಚರುಗಳ ವ್ಯಾನಿಟಿ ಬ್ಯಾಗು ಕಾಯುತ್ತಿದ್ದೆ. ಬ್ಯಾಗು ಕಾಯುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಮನೆಯವರೆಲ್ಲ ಗೋಕರ್ಣಕ್ಕೆ, ಕನ್ಯಾಕುಮಾರಿಗೆ ಹೋದಾಗಲೂ ಅಷ್ಟೇ. ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಕ್ಕಳು, ಕೊನೆಗೆ ಮಂಡಿ ನೋವಿನ ದೊಡ್ಡಮ್ಮ ಕೂಡ ಸಮುದ್ರಕ್ಕೆ ಇಳಿಯುತ್ತಿದ್ದರು. ದಡದಲ್ಲಿ ಚಪ್ಪಲಿ, ಪರ್ಸು, ಒಣಬಟ್ಟೆಗಳ ನಡುವೆ ಅಮ್ಮ ಮತ್ತು ನಾನು. ಅಮ್ಮ ಚಿಕ್ಕಪ್ಪನ ಕೈಗೆ ಚೊಂಬು ಕೊಟ್ಟು ನೀರು ತರಿಸುತ್ತಿದ್ದಳು. ನನ್ನ ನೆತ್ತಿಯ ಮೇಲೆ ಸುರಿದು, "ಆಯ್ತು ಕಣವ್ವ, ನಿಂದೂ ಸ್ನಾನ ಆಯ್ತು" ಎನ್ನುತ್ತಿದ್ದಳು. ತಳದಲ್ಲಿ ಉಳಿದದ್ದನ್ನು ತನ್ನ ತಲೆಗೂ ನಾಲ್ಕು ಹನಿ ಚಿಮುಕಿಸಿಕೊಳ್ಳುತ್ತಿದ್ದಳು.

ಆಮೇಲೆ ಶುರುವಾಗುತ್ತಿತ್ತು ಅವಳ ವೀಕ್ಷಕ ವಿವರಣೆ. "ನಿಮ್ಮ ಚಿಕ್ಕಪ್ಪನ್ನ ನೋಡು, ಕಾಲು ಬಡೀತಾವ್ನಾ, ಹಿಟ್ಟು ನಾದ್ತಾವ್ನಾ?" "ಆ ಹುಡುಗಿ ನೋಡು, ಉಸ್ರು ಬಿಗಿ ಹಿಡ್ಕೊಂಡವ್ಳೆ. ಹಂಗ್ ಹಿಡ್ಕೊಂಡ್ರೆ ತೇಲಕ್ಕಾಗುತ್ತಾ?" ಟೀವಿ ಮುಂದೆ ಕೂತು ಬ್ಯಾಟು ಮುಟ್ಟದವರೆಲ್ಲ ಬ್ಯಾಟಿಂಗ್ ಹೇಳಿಕೊಡುವುದಿಲ್ಲವೇ, ಇದೂ ಅಂಥದ್ದೇ ಎಂದು ನಾನು ನಗುತ್ತಿದ್ದೆ. ನನ್ನಿಂದಾಗಿ ಅಮ್ಮನೂ ದಡದಲ್ಲಿ ಕೂರಬೇಕಾಯಿತಲ್ಲ ಎಂದು ಮಾತ್ರ ಒಂದು ದಿನವೂ ಅನ್ನಿಸಲಿಲ್ಲ. ಅಮ್ಮಂದಿರು ದಡದಲ್ಲಿ ಕೂರುವವರೇ ಎಂದು ನಾನು ನಂಬಿದ್ದೆ.

ನಾನು ಎಂ.ಎಸ್. ಓದಲು ಟೆಕ್ಸಸ್‌ಗೆ ಹೊರಟಾಗ ಇಪ್ಪತ್ತೈದು ತುಂಬಲು ಇನ್ನೂ ಒಂದೂಕಾಲು ವರ್ಷ ಬಾಕಿ ಇತ್ತು. ಅಮ್ಮ ಮೊದಲು ಭೂಪಟ ತರಿಸಿದಳು. ಡಾಲಸ್‌ನ ಪಕ್ಕದ ರಿಚರ್ಡ್‌ಸನ್ನಿನಿಂದ ಸಮುದ್ರಕ್ಕೆ ಗೇಣುದ್ದ ಜಾಗ ಇದೆ ಎಂದು ಅಪ್ಪನ ಸ್ಕೇಲಿಟ್ಟು ನೋಡಿ ಸಮಾಧಾನ ಮಾಡಿಕೊಂಡಳು. ವಿಮಾನ ನಿಲ್ದಾಣದಲ್ಲಿ ನನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು, "ನೀರಿಗೆ ಇಳಿಯಲ್ಲ ಅಂತ ನನ್ನ ಮೇಲೆ ಆಣೆ ಇಡು" ಎಂದಳು. ಇಟ್ಟೆ. ಆಗ ಬ್ಯಾಗಿನಿಂದ ಚೊಂಬು ತೆಗೆದು ಕೊಟ್ಟಳು. "ಸಮುದ್ರ ಗಿಮುದ್ರ ಅಂತ ಎಲ್ಲಾದ್ರೂ ಹೋದ್ರೆ ಯಾರ ಕೈಲಾದ್ರೂ ಒಂದು ಚೊಂಬು ನೀರು ತರಿಸಿ ತಲೆ ಮೇಲೆ ಹುಯ್ಸ್ಕೊ. ಅಷ್ಟು ಸಾಕು."

ರಿಚರ್ಡ್‌ಸನ್ನಿನಲ್ಲಿ ನನ್ನ ರೂಮ್‌ಮೇಟ್ ರುಬೀನಾ, ಹುಬ್ಬಳ್ಳಿಯವಳು. ಮೊದಲ ದಿನವೇ ಚೊಂಬನ್ನು ನೋಡಿ ಕೆನ್ನೆಗೆ ಕೈಯಿಟ್ಟು, "ಏ ಚೈತ್ರಾ, ಅಮೆರಿಕಾದಾಗ ನಳ ಇರಂಗಿಲ್ಲಂತ ಯಾರ್ ಹೇಳಿದ್ರವ್ವಾ ನಿನಗ?" ಎಂದಳು. ನಮ್ಮ ಮೂರನೆಯವನು ಜೋಯೆಲ್, ಮಂಗಳೂರಿನವನು. ಅವನು ಓದುತ್ತಿದ್ದದ್ದು ಆಸ್ಟಿನ್‌ನಲ್ಲಾದರೂ ವಾರಾಂತ್ಯಗಳಲ್ಲಿ ನಮ್ಮ ಸೋಫಾದ ಮೇಲೆ ಕಾಣಿಸಿಕೊಳ್ಳುತ್ತಿದ್ದ. ಸಮುದ್ರದಲ್ಲೇ ಹುಟ್ಟಿದವನ ಹಾಗೆ ಮಾತಾಡುತ್ತಿದ್ದ. ಟೆಕ್ಸಸ್‌ನಲ್ಲಿ ಏನು ನೋಡಿದರೂ, "ನಮ್ಮ ಪಣಂಬೂರು ಬೀಚಿನ ಎದುರು ಇದೆಲ್ಲ ಎಂತ ಉಂಟು ಮಾರಾಯ್ತಿ?" ಎನ್ನುವುದು ಅವನ ಅಭ್ಯಾಸ.

ಆ ವರ್ಷ ಡಿಸೆಂಬರಿನಲ್ಲಿ ಚಳಿ ಬಿತ್ತು. ಟೆಕ್ಸಸ್ ಎಂದರೆ ಬಿಸಿಲು ಎಂದು ನಂಬಿ ಬಂದವರಿಗೆ ಆ ಚಳಿ ಬರೀ ಚಳಿಯಲ್ಲ, ಮೋಸ. ಹೀಟರಿನ ಮುಂದೆ ಮೂವರೂ ಕೂತು ಕೆಂಡದ ಮೇಲಿನ ಮುಸುಕಿನ ಜೋಳದ ಹಾಗೆ ಒಂದೊಂದು ಕಡೆ ತಿರುಗಿ ಕಾಯಿಸಿಕೊಳ್ಳುತ್ತಿದ್ದೆವು. ಆಗ ಜೋಯೆಲ್ ಫೋನು ತೋರಿಸಿದ. ಸ್ಪೇನ್ ದೇಶದಲ್ಲಿ ಮಾಲಗಾ ಎಂಬ ಊರು, ಮೆಡಿಟರೇನಿಯನ್ ಸಮುದ್ರದ ದಂಡೆ, ಜನವರಿಯಲ್ಲೂ ಬಿಸಿಲು. ಹ್ಯೂಸ್ಟನ್ನಿನಿಂದ ಎರಡು ಕಡೆ ವಿಮಾನ ಬದಲಿಸಿ ಹೋದರೆ ಊರಿಗೆ ಹೋಗುವ ಟಿಕೆಟ್ಟಿನ ಕಾಲು ಭಾಗಕ್ಕೆ ಹೋಗಿ ಬರಬಹುದು.

"ಇಷ್ಟು ಕಡಿಮೆ ಯಾಕ?" ಎಂದು ರುಬೀನಾ ಅನುಮಾನಪಟ್ಟಳು.

"ಚಳಿಗಾಲದಲ್ಲಿ ಬೀಚಿಗೆ ಯಾರು ಹೋಗ್ತಾರೆ ಮಾರಾಯ್ತಿ? ಬುದ್ಧಿ ಇದ್ದವರು ಹೋಗೋದಿಲ್ಲ. ಹಾಗಾಗಿ ನಾವು ಹೋಗುವಾ" ಎಂದ ಜೋಯೆಲ್. ಅವನ ತರ್ಕದಲ್ಲಿ ದೋಷ ಹುಡುಕಲು ನಮ್ಮಿಬ್ಬರಿಗೂ ಆಗಲಿಲ್ಲ.

ವೀಸಾಕ್ಕೆಂದು ಹ್ಯೂಸ್ಟನ್ನಿಗೆ ಹೋಗಿ ಬೆರಳಚ್ಚು ಕೊಟ್ಟದ್ದು, ವಾಪಸ್ ಅಮೆರಿಕಕ್ಕೆ ಸೇರಿಸಿಕೊಳ್ಳಲಿ ಎಂದು ಯೂನಿವರ್ಸಿಟಿಯ ಕಾಗದಕ್ಕೆ ಸಹಿ ಹಾಕಿಸಿಕೊಂಡದ್ದು, ಆ ಪುರಾಣವೆಲ್ಲ ಬೇಡ. ನನಗಿದ್ದ ನಿಜವಾದ ತೊಂದರೆ ಮಂಡ್ಯದಲ್ಲಿತ್ತು. ಅಮ್ಮನಿಗೆ ಹೇಳಿದರೆ ಹೋಗಬೇಡ ಎನ್ನುತ್ತಿರಲಿಲ್ಲ. ಸುಮ್ಮನಾಗುತ್ತಿದ್ದಳು, ಊಟ ಬಿಡುತ್ತಿದ್ದಳು. ಹೀಗಾಗಿ ನಾನು, "ಅಮ್ಮ, ರಜಕ್ಕೆ ಹ್ಯೂಸ್ಟನ್ನಿಗೆ ಹೋಗ್ತಿದೀನಿ, ಫ್ರೆಂಡ್ ಮನೆಗೆ" ಎಂದೆ. ವಿಮಾನ ಹೊರಡುವುದು ಹ್ಯೂಸ್ಟನ್ನಿನಿಂದಲೇ ತಾನೇ. ಅರ್ಧ ಸತ್ಯ ಹೇಳಿದೆನೆಂದು ನನಗೆ ನಾನೇ ಸರ್ಟಿಫಿಕೇಟು ಕೊಟ್ಟುಕೊಂಡೆ. ಅಮ್ಮನಿಗೆ ನಾನು ಹೇಳಿದ ಮೊದಲ ದೊಡ್ಡ ಸುಳ್ಳು ಅದು. ಹೇಳಿದ ಮೇಲೆ ಎರಡು ದಿನ ಅನ್ನ ರುಚಿಸಲಿಲ್ಲ ಎಂಬುದೂ ನಿಜ.

ಅಗ್ಗದ ವಿಮಾನದ ನಿಯಮ ನಿಮಗೆ ಗೊತ್ತಿರಬಹುದು. ಕಾಲ ಬುಡದಲ್ಲಿ ಹಿಡಿಸುವ ಒಂದೇ ಒಂದು ಚೀಲ. ಮೂವರೂ ವಾರದ ಬಟ್ಟೆಯನ್ನು ಒಂದರ ಮೇಲೊಂದು ಹಾಕಿಕೊಂಡು ಬಟ್ಟೆ ಅಂಗಡಿಯ ಗಂಟುಗಳ ಹಾಗೆ ಹೊರಟೆವು. ಈ ಪರಿಸ್ಥಿತಿಯಲ್ಲಿ ನಾನು ಚೊಂಬು ತರುತ್ತೇನೆ ಎಂದಾಗ ರುಬೀನಾ ಹಣೆ ಬಡಿದುಕೊಂಡಳು. ಕೊನೆಗೆ ಅವಳೇ ದಾರಿ ಕಂಡುಹಿಡಿದಳು. ಚೊಂಬಿನೊಳಗೆ ಶೇಂಗಾ ಚಟ್ನಿಪುಡಿ ತುಂಬಿ, ಬಾಯಿಗೆ ಪ್ಲಾಸ್ಟಿಕ್ಕು ಕಟ್ಟಿ, ಮೇಲೆ ಕಾಲುಚೀಲ ತುರುಕಿದಳು. ಲೂಯಿಸ್‌ವಿಲ್‌ನಲ್ಲಿದ್ದ ಅವಳ ಊರಿನ ಶೈಲಾ ಆಂಟಿ ಪ್ರಯಾಣಕ್ಕೆಂದು ಖಡಕ್ ರೊಟ್ಟಿ ಕೊಟ್ಟಿದ್ದರು. ಅವು ಲ್ಯಾಪ್‌ಟಾಪ್ ಇಡುವ ಖಾನೆಯಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು.

ಹ್ಯೂಸ್ಟನ್ನಿನ ತಪಾಸಣೆಯಲ್ಲಿ ಸಮವಸ್ತ್ರದ ದೊಡ್ಡ ಮನುಷ್ಯರೊಬ್ಬರು ಲ್ಯಾಪ್‌ಟಾಪ್ ಹೊರತೆಗೆಯಲು ಹೇಳಿದರು. ರುಬೀನಾ ರೊಟ್ಟಿ ಹೊರತೆಗೆದಳು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಬೆರಳಿನಿಂದ ತಟ್ಟಿದರು. ಟಣ್ ಎನ್ನಲಿಲ್ಲ, ಅಷ್ಟೇ. ಇದೇನು ಎಂದರು. ಬ್ರೆಡ್ ಎಂದಳು. ಇದನ್ನು ತಿನ್ನುತ್ತೀರಾ ಎಂದು ಕೇಳಿದ ಅವರ ದನಿಯಲ್ಲಿ ಅನುಮಾನಕ್ಕಿಂತ ಕನಿಕರವೇ ಹೆಚ್ಚಿತ್ತು. ಪಕ್ಕದಲ್ಲಿ ನನ್ನ ಚೊಂಬು ಬಾಯಿ ಕಟ್ಟಿಸಿಕೊಂಡು ಕಳಶದ ಹಾಗೆ ಕೂತಿತ್ತು. ಅದನ್ನು ಮೂಸಿ ನೋಡಿ ಎರಡು ಸಲ ಸೀನಿದ ಮೇಲೆ ನಮ್ಮನ್ನು ಬಿಟ್ಟರು.

ಮಾಲಗಾದ ಬಿಸಿಲನ್ನು ಹೇಗೆ ಹೇಳಲಿ? ಸಂಕ್ರಾಂತಿಯ ಹೊತ್ತಿಗೆ ಮಂಡ್ಯದಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಜಗಲಿಯ ಮೇಲೆ ಬೀಳುತ್ತದಲ್ಲ, ಆ ಬಿಸಿಲು. ಸುಡುವುದಿಲ್ಲ, ಬೆನ್ನಿಗೆ ಕೈಯಿಟ್ಟ ಹಾಗಿರುತ್ತದೆ. ಬೀದಿಯ ಎರಡೂ ಕಡೆ ಕಿತ್ತಳೆ ಮರಗಳು, ಮರದ ತುಂಬ ಹಣ್ಣು, ಒಬ್ಬರೂ ಕೀಳುತ್ತಿಲ್ಲ. ಈ ಜನಕ್ಕೆ ಎಷ್ಟು ಸಂಯಮ ಎಂದು ಮೆಚ್ಚಿಕೊಂಡೆ. ಜೋಯೆಲ್ ಉದುರಿದ್ದೊಂದನ್ನು ಎತ್ತಿಕೊಂಡು ಸುಲಿದು ಬಾಯಿಗೆ ಹಾಕಿಕೊಂಡ ಮೇಲೆ ಸಂಯಮದ ಕಾರಣ ತಿಳಿಯಿತು. ಹಾಗಲಕಾಯಿ ಮತ್ತು ನಿಂಬೆ ಸೇರಿ ಜಗಳವಾಡಿದ ರುಚಿ. ನನಗೆ ಮಾತ್ರ ಅದರ ವಾಸನೆ ನಮ್ಮ ಹೇರಳೆಕಾಯಿಯನ್ನು ನೆನಪಿಸಿತು. ನಾವು ಇಳಿದುಕೊಂಡಿದ್ದ ಅಗ್ಗದ ಹಾಸ್ಟೆಲಿನ ಅಡುಗೆಮನೆಯಲ್ಲಿ ಆ ಹಣ್ಣನ್ನೇ ಹಿಂಡಿ ಚಿತ್ರಾನ್ನ ಮಾಡಿದೆ. ಆರು ಮಂಚದ ನಮ್ಮ ಕೋಣೆಯಲ್ಲಿದ್ದ ಪೋಲೆಂಡಿನ ಹುಡುಗಿಯೊಬ್ಬಳು ಎರಡು ತಟ್ಟೆ ತಿಂದು, ಇದು ಸ್ಪೇನಿನ ಯಾವ ಊರಿನ ಅಡುಗೆ ಎಂದು ಕೇಳಿದಳು. ಮಂಡ್ಯದ್ದು ಎಂದೆ. ಅವಳು ಫೋನಿನಲ್ಲಿ ಬರೆದುಕೊಂಡಳು.

ಸಮುದ್ರದ ದಂಡೆಯಲ್ಲಿ ಹಳೆಯ ದೋಣಿಗಳಿಗೆ ಮರಳು ತುಂಬಿ, ಅದರಲ್ಲಿ ಬೆಂಕಿ ಹಾಕಿ, ಕಡ್ಡಿಗೆ ಮೀನು ಚುಚ್ಚಿ ಸುಡುತ್ತಿದ್ದರು. ಜೋಯೆಲ್ ಹತ್ತಿರ ಹೋಗಿ ನೋಡಿದವನು ಅಲ್ಲೇ ನಿಂತುಬಿಟ್ಟ. "ಇದು ನಮ್ಮ ಬೂತಾಯಿ ಮಾರಾಯ್ತಿ! ಅಯ್ಯೋ ದೇವರೇ, ಬೂತಾಯಿ!" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಬೆಂಚುಗಳ ಮೇಲೆ ಮುದುಕರು ಉಣ್ಣೆಯ ಕೋಟು ಹಾಕಿಕೊಂಡು ಸೂರ್ಯನಿಗೆ ಮುಖ ಮಾಡಿ ಸಾಲಾಗಿ ಕೂತಿದ್ದರು. ನಮ್ಮೂರ ಪಾರ್ಕಿನ ಪಿಂಚಣಿದಾರರೇ, ಭಾಷೆ ಮಾತ್ರ ಬೇರೆ. ಅವರ ಪೈಕಿ ಒಬ್ಬರೂ ನೀರಿನ ಕಡೆ ಹೋಗುತ್ತಿರಲಿಲ್ಲ ಎಂಬುದನ್ನು ನಾವು ಆಗಲೇ ಗಮನಿಸಬೇಕಿತ್ತು.

ಈಗ ನನ್ನ ಸುಳ್ಳಿನ ನಿರ್ವಹಣೆಯ ಬಗ್ಗೆ ಹೇಳಬೇಕು. ಅಮ್ಮ ದಿನವೂ ಊರಿನಲ್ಲಿ ಸಂಜೆ ಐದೂವರೆಗೆ, ದೀಪ ಹಚ್ಚುವ ಮುಂಚೆ, ನನಗೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಆಗ ಟೆಕ್ಸಸ್‌ನಲ್ಲಿ ಬೆಳಗಿನ ಆರು ಗಂಟೆ. ಅದೇ ನನ್ನ ಅಲಾರಂ. "ಏಳು, ಆರು ಗಂಟೆ" ಎನ್ನುವುದು, ನಾನು ಹೂಂ ಎನ್ನುವುದು, ಅಷ್ಟೇ ಮಾತು. ಆದರೆ ಮಾಲಗಾದಲ್ಲಿ ಆ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆ. ಮೊದಲ ಎರಡು ದಿನ ಒಂದು ಗಂಟೆಗೆ ಸರಿಯಾಗಿ ಹಾಸ್ಟೆಲಿನ ಬಚ್ಚಲಿಗೆ ಓಡಿ, ದೀಪ ಆರಿಸಿ, ಕೂದಲು ಕೆದರಿಕೊಂಡು, ನಿದ್ದೆಗಣ್ಣು ಮಾಡಿಕೊಂಡು ಫೋನ್ ಎತ್ತಿದೆ. "ಹ್ಯೂಸ್ಟನ್ನಿನಲ್ಲಿ ಚೆನ್ನಾಗಿ ನಿದ್ದೆ ಬಂತಾ?" "ಬಂತಮ್ಮ" ಎಂದು ಆಕಳಿಸಿದೆ. ಹೊರಗೆ ಬಾಗಿಲು ಬಡಿಯುತ್ತಿದ್ದ ಪೋಲೆಂಡಿನ ಹುಡುಗಿಗೆ ನನ್ನ ಬಗ್ಗೆ ಏನನ್ನಿಸಿತೋ ಗೊತ್ತಿಲ್ಲ.

ಮೂರನೆಯ ದಿನ ಸಮುದ್ರಸ್ನಾನ. ಜೋಯೆಲ್ ಚಡ್ಡಿ ಹಾಕಿಕೊಂಡು, ತೋಳು ತಿರುಗಿಸಿ, "ನೋಡಿ ಕಲ್ತುಕೊಳ್ಳಿ" ಎಂದು ಓಡಿಹೋಗಿ ಅಲೆಯೊಳಗೆ ಧುಮುಕಿದ. ಧುಮುಕಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಹೊರಬಂದ. ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ. ಬಿಸಿಲಿದ್ದರೆ ನೀರೂ ಬೆಚ್ಚಗಿರುತ್ತದೆ ಎಂದು ನಂಬುವುದು ನಮ್ಮ ಕಡೆಯವರು ಮಾತ್ರ. ಬೆಂಚಿನ ಮುದುಕರು ಚಪ್ಪಾಳೆ ತಟ್ಟಿದರು. ರುಬೀನಾ ಚೂಡಿದಾರದ ಪ್ಯಾಂಟು ಮಡಚಿ ಪಾದ ಮುಳುಗುವವರೆಗೆ ಹೋಗಿ, "ಯವ್ವಾ, ಇದೇನ್ ಫ್ರಿಜ್ಜಿನ್ಯಾಗಿನ ಸಮುದ್ರ ಏನು!" ಎಂದು ಕುಣಿದಳು.

ನಾನು ಎಂದಿನಂತೆ ಬ್ಯಾಗುಗಳ ಪಕ್ಕ ಕೂತಿದ್ದೆ. ಚಟ್ನಿಪುಡಿ ಖಾಲಿಯಾದ ಚೊಂಬನ್ನು ತೊಳೆದು ತಂದಿದ್ದೆ. ಜೋಯೆಲ್‌ಗೆ ಕೊಟ್ಟು, "ಒಂದು ಚೊಂಬು ನೀರು ತಂದು ನನ್ನ ತಲೆ ಮೇಲೆ ಹುಯ್ಯಿ" ಎಂದೆ.

"ಎಂತಕ್ಕೆ? ನಾಲ್ಕು ಹೆಜ್ಜೆ ಬಂದ್ರೆ ಇಡೀ ಸಮುದ್ರ ಉಂಟಲ್ಲ?"

"ಆಣೆ ಇದೆ. ಅಮ್ಮಂದು" ಎಂದೆ. ಜಾತಕದ ಕತೆ ಅವರಿಬ್ಬರಿಗೂ ಗೊತ್ತಿತ್ತು. ನಕ್ಕಾರು ಎಂದುಕೊಂಡಿದ್ದೆ. ರುಬೀನಾ ನಗಲಿಲ್ಲ. "ಆಣಿ ಅಂದ್ರ ಆಣಿನ ಮತ್ತ. ತಂದು ಹಾಕೋ ಜೋಯೆಲ್" ಎಂದಳು.

ಜೋಯೆಲ್ ಹಲ್ಲು ಕಟಕಟಿಸುತ್ತ ಮೊಣಕಾಲುದ್ದ ನೀರಿಗೆ ಹೋಗಿ ಬಗ್ಗಿದ. ಅಷ್ಟರಲ್ಲಿ ಅಲೆಯೊಂದು ಬಂತು. ಮರಗಟ್ಟಿದ ಅವನ ಕೈಯಿಂದ ಚೊಂಬು ಜಾರಿತು. ಅಲೆ ಹಿಂದಕ್ಕೆ ಸರಿಯುವಾಗ ಅದನ್ನೂ ಎಳೆದುಕೊಂಡಿತು. ಚೊಂಬು ಒಮ್ಮೆ ಬಿಸಿಲಿಗೆ ಫಳ್ಳನೆ ಹೊಳೆದು, ಪಕ್ಕದ ಕಲ್ಲುಗಳ ಸಾಲಿನ ಕಡೆ ಉರುಳಿತು. ಠಣ್ ಎಂಬ ಸದ್ದು ನನಗೆ ದಡದಲ್ಲಿ ಕೇಳಿಸಿತು.

ಆಮೇಲೆ ನಾನು ಏನು ಯೋಚಿಸಿದೆ ಎಂದು ನೀವು ಕೇಳಿದರೆ, ಏನೂ ಯೋಚಿಸಲಿಲ್ಲ. ಆಣೆ, ಜಾತಕ, ಜೋಯಿಸರು, ಒಂದೂ ನೆನಪಾಗಲಿಲ್ಲ. ಅಮ್ಮನ ಚೊಂಬು ಹೋಗುತ್ತಿದೆ ಎಂಬುದೊಂದೇ. ಎರಡು ಸ್ವೆಟರು, ಜಾಕೆಟ್ಟು, ಶೂ ಸಮೇತ ನೀರಿಗೆ ನುಗ್ಗಿದೆ. ಮೊಣಕಾಲು, ತೊಡೆ, ಸೊಂಟ. ಚಳಿ ಮೂಳೆಯೊಳಗೆ ಕೂತಿತು. ಮುಂದಿನ ಅಲೆ ಎದೆಗೆ ಹೊಡೆದು ಉಪ್ಪುನೀರು ಕುಡಿಸಿತು. ಕೈಗೆ ತಣ್ಣನೆಯ ಸ್ಟೀಲು ಸಿಕ್ಕಿತು. ಎದೆಗವಚಿಕೊಂಡು ನಿಂತೆ. ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಸುತ್ತ ನಾಲ್ಕೂ ಕಡೆ ನೀರಿತ್ತು. ಹೇಳಲು ನಾಚಿಕೆಯಾಗುತ್ತದೆ, ಭಯವಾಗಲಿಲ್ಲ. ಗಹಗಹಿಸಿ ನಗು ಬಂತು. ಇಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ದಡಕ್ಕೆ ಬರುವಷ್ಟರಲ್ಲಿ ನನ್ನ ಫೋನು ಬಡಿದುಕೊಳ್ಳುತ್ತಿತ್ತು. ಒಂದು ಗಂಟೆ! ನಾನು ಬೇಡ ಬೇಡ ಎಂದು ಕೈಯಾಡಿಸುತ್ತಿದ್ದಂತೆಯೇ ರುಬೀನಾ ಎತ್ತು ಎಂದು ತಿಳಿದು ಎತ್ತಿ ನನ್ನ ಮುಖಕ್ಕೆ ಹಿಡಿದಳು.

ಪರದೆಯ ಮೇಲೆ ಅಮ್ಮ. ಹಿಂದೆ ನಮ್ಮ ಅಡುಗೆಮನೆಯ ಕ್ಯಾಲೆಂಡರ್. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಹ್ಯೂಸ್ಟನ್ನಾ?" ಎಂದಳು.

"ಹೂಂ ಅಮ್ಮ."

"ಅಲ್ಲೀಗ ಬೆಳಗಿನ ಜಾವ ಆರು ಗಂಟೆ. ಸೂರ್ಯ ನೆತ್ತಿ ಮೇಲೆ ಹೆಂಗ್ ಬಂದ?"

ಗಣಿತದ ಮೇಷ್ಟರ ಹೆಂಡತಿಗೆ ಸುಳ್ಳು ಹೇಳುವಾಗ ಇದನ್ನೆಲ್ಲ ಲೆಕ್ಕ ಹಾಕಬೇಕಿತ್ತು. ನಾನು ಅಲ್ಲೇ ಮರಳ ಮೇಲೆ ಕೂತು ಎಲ್ಲವನ್ನೂ ಒಪ್ಪಿಸಿದೆ. ಸ್ಪೇನು, ಸುಳ್ಳು, ಬಚ್ಚಲ ಕತ್ತಲು, ಚೊಂಬು.

"ಎಷ್ಟು ಆಳಕ್ಕೆ ಹೋದೆ?"

"ಸೊಂಟದವರೆಗೆ."

"ಅಲೆ ಬಂದಾಗ ಎದುರಿಗೆ ನಿಂತಿದ್ಯಾ, ಪಕ್ಕಕ್ಕೆ ತಿರುಗಿ ನಿಂತಿದ್ಯಾ?"

"ಎದುರಿಗೆ."

"ಪಕ್ಕಕ್ಕೆ ನಿಲ್ಬೇಕು. ಕಾಲು ಅಗಲಿಸಿ." ಆಮೇಲೆ ಕೇಳಿದಳು, "ಚೊಂಬು ಸಿಕ್ತಾ?"

"ಸಿಕ್ತು. ನೆಗ್ಗಿದೆ."

"ತಲೆ ಒರೆಸ್ಕೊ" ಎಂದು ಫೋನಿಟ್ಟಳು.

ಮಾರನೆಯ ದಿನ ಒಂದು ಗಂಟೆಗೆ ನಾನು ಫೋನು ಹಿಡಿದು ಬಿಸಿಲಿನಲ್ಲೇ ಕೂತಿದ್ದೆ. ಬರಲಿಲ್ಲ. ನಾನೇ ಮಾಡಿದರೆ ಅಪ್ಪ ಎತ್ತಿ, "ಏನೋ ಯೋಚನೇಲವ್ಳೆ ಕಣಮ್ಮ, ಬಿಡು" ಎಂದರು. ಅದರ ಮರುದಿನವೂ ಅಷ್ಟೇ. ಮಾಲಗಾದ ಬಿಸಿಲು, ಕಿತ್ತಳೆ, ಬೂತಾಯಿ ಎಲ್ಲ ಅಲ್ಲೇ ಇದ್ದವು, ನನಗೆ ಯಾವುದೂ ಬೇಡವಾಗಿತ್ತು. ನನ್ನ ಜೀವಕ್ಕೆ ಏನೂ ಆಗದಿರಲಿ ಎಂದು ತನ್ನ ತಲೆಯ ಮೇಲೆ ನನ್ನ ಕೈಯಿಟ್ಟುಕೊಂಡವಳಿಗೆ ನಾನು ಮೋಸ ಮಾಡಿದ್ದೆ. ಅವಳಿಗೆ ಏನಾದರೂ ಆಗಿಬಿಟ್ಟರೆ ಎಂದು, ಜಾತಕ ನಂಬದ ನಾನು, ಚರ್ಚೊಂದರ ಮುಂದೆ ನಿಂತು ಕೈ ಮುಗಿದೆ. ರುಬೀನಾ ನನ್ನ ಜಾಕೆಟ್ಟಿಗೆ ಅಂಟಿದ್ದ ಮರಳು ಕೊಡವುತ್ತಿದ್ದಳು.

ರಿಚರ್ಡ್‌ಸನ್ನಿಗೆ ವಾಪಸ್ ಬಂದ ಮರುದಿನ ಬೆಳಿಗ್ಗೆ ಆರಕ್ಕೆ ಫೋನು ಬಡಿಯಿತು. "ಏಳು, ಆರು ಗಂಟೆ" ಎಂದಳು ಅಮ್ಮ. ಹೂಂ ಎಂದು ನಾನು ಅತ್ತುಬಿಟ್ಟೆ. "ಅಳ್ಬೇಡ. ಇನ್ನು ಹತ್ತು ತಿಂಗಳು ಇದೆ, ಅಲ್ಲಿಗಂಟ ಹುಷಾರಾಗಿರು" ಎಂದಳು. ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಹತ್ತು ತಿಂಗಳು ಕಳೆಯಿತು. ನನಗೆ ಇಪ್ಪತ್ತೈದು ತುಂಬಿತು. ಆ ದಿನ ಅಮ್ಮ ಫೋನಿನಲ್ಲಿ ಹುಟ್ಟುಹಬ್ಬದ ಶುಭಾಶಯ ಹೇಳುವುದನ್ನು ಮರೆತು, "ಪಾಸ್‌ಪೋರ್ಟ್ ಮಾಡಿಸ್ಬೇಕು ಅಂದ್ರೆ ಯಾವ್ ಯಾವ್ ಕಾಗದ ಬೇಕು?" ಎಂದು ಕೇಳಿದಳು. ಅಷ್ಟು ಹೊತ್ತು ವಿಮಾನದಲ್ಲಿ ಕೂರಲಾರೆ ಎಂದು ಅಪ್ಪ ಜಾರಿಕೊಂಡರು. ಮುಂದಿನ ಮೇ ತಿಂಗಳಲ್ಲಿ ಅಮ್ಮ ಒಬ್ಬಳೇ ಬಂದಳು. ಅಷ್ಟರಲ್ಲಿ ನನಗೆ ಕೆಲಸ ಸಿಕ್ಕಿ ಈ ಲೂಯಿಸ್‌ವಿಲ್‌ಗೆ ಬಂದಿದ್ದೆ. ಮೊದಲ ಸಂಜೆ ಇಲ್ಲಿಯ ಸರೋವರ ತೋರಿಸಿದೆ. "ಕೆರೆ ಚೆನ್ನಾಗದೆ" ಎಂದಳು. "ಸಮುದ್ರ ಎಲ್ಲಿ?"

ಹ್ಯೂಸ್ಟನ್ ದಾಟಿ ಗ್ಯಾಲ್ವೆಸ್ಟನ್‌ಗೆ ಹೊರಟೆವು. ಟೇಲರ್ ಎಂಬ ಊರಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದ ರುಬೀನಾ ಬಂದಳು, ಆಸ್ಟಿನ್ನಿನಿಂದ ಜೋಯೆಲ್ ಬಂದ. ಅಮ್ಮ ಸೀರೆ ಬಿಟ್ಟು ನನ್ನ ಟ್ರ್ಯಾಕ್ ಪ್ಯಾಂಟಿನ ಮೇಲೆ ಅಪ್ಪನ ಅರ್ಧ ತೋಳಿನ ಹಳೆಯ ಶರಟು ಹಾಕಿಕೊಂಡಿದ್ದಳು. ಆ ಶರಟನ್ನು ಮಂಡ್ಯದಿಂದ ಯಾಕೆ ಹೊತ್ತು ತಂದಳೋ ಎಂದು ನಾನು ಕೇಳಲಿಲ್ಲ. ಕಾರಿನಲ್ಲಿ ಉದ್ದ ದಾರಿ, ಆರಾಮಾಗಿರಲಿ ಎಂದುಕೊಂಡೆ. ದಡದಲ್ಲಿ ನಿಂತು ನೀರು ನೋಡಿದಳು. ಗ್ಯಾಲ್ವೆಸ್ಟನ್ನಿನ ನೀರು ಮಾಲಗಾದ ಹಾಗೆ ನೀಲಿಯಲ್ಲ, ಕೆಮ್ಮಣ್ಣು ಕದಡಿದ ಬಣ್ಣ. ನನಗೆ ಸ್ವಲ್ಪ ನಾಚಿಕೆಯಾಯಿತು. ಅಷ್ಟು ದೂರದಿಂದ ಬಂದವಳಿಗೆ ಇದನ್ನು ತೋರಿಸುವುದೇ?

"ಹೊಸ ನೀರು ಬಂದಾಗ ಕಾವೇರಿ ಹಿಂಗೇ ಇರ್ತಾಳೆ" ಎಂದಳು ಅಮ್ಮ. ಅವಳ ಮುಖವನ್ನು ಅಷ್ಟು ಚಿಕ್ಕದಾಗಿ, ಹುಡುಗಿಯ ಮುಖದಂತೆ, ನಾನು ನೋಡಿರಲಿಲ್ಲ.

ರುಬೀನಾ ಕೈ ನೀಡಿದಳು. "ಬರ್ರೀ ಅಮ್ಮಾರ, ಪಾದ ತೊಯ್ಸ್ಕೊಳ್ರಿ. ನಾ ಹಿಡ್ಕೊಂಡಿರ್ತೇನ್ರಿ, ಹೆದರ್ಬ್ಯಾಡ್ರಿ."

ನಾನು ಬ್ಯಾಗಿನಿಂದ ಚೊಂಬು ತೆಗೆದೆ. "ಬೇಡ ಅಮ್ಮ, ಇಲ್ಲೇ ಕೂತ್ಕೊ. ಜೋಯೆಲ್ ತಂದು ಹುಯ್ತಾನೆ."

ಅಮ್ಮ ಚೊಂಬು ಈಸಿಕೊಂಡಳು. ನೆಗ್ಗಿನ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಅದನ್ನು ನನ್ನ ಮಡಿಲಲ್ಲಿಟ್ಟು, ಬಳೆ ಕಳಚಿ ಅದರೊಳಗೆ ಹಾಕಿದಳು. ಸರ ಬಿಚ್ಚಿ ಹಾಕಿದಳು. ಕನ್ನಡಕ ತೆಗೆದು ಹಾಕಿದಳು.

"ನಿಂಗೆ ಗಂಡಾಂತರ ಕಳೀಲಿ, ಅಲ್ಲಿಗಂಟ ನಾನೂ ನೀರಿಗೆ ಇಳಿಯಲ್ಲ ಅಂತ ಹೇಳ್ಕೊಂಡಿದ್ದೆ ಕಣವ್ವ" ಎಂದಳು. "ಮದ್ವೆಗೆ ಮುಂಚೆ ನಮ್ಮೂರಲ್ಲಿ ದಿನಾ ಹೊಳೆ ಆಚೆ ದಡ ಮುಟ್ಟಿ ಬರ್ತಿದ್ದೆ."

ನಾನು ಬಾಯಿ ತೆರೆಯುವ ಮುಂಚೆ ಅವಳು ನಡೆದಾಗಿತ್ತು. ಮೊದಲ ಅಲೆಗೆ ಪಕ್ಕಕ್ಕೆ ತಿರುಗಿ, ಕಾಲು ಅಗಲಿಸಿ ನಿಂತಳು. ಎರಡನೆಯದಕ್ಕೂ ಹಾಗೇ. ಮೂರನೆಯದರ ಕೆಳಗೆ ನುಸುಳಿ ಕಾಣೆಯಾದಳು. ಆಚೆ ಕಡೆ ತಲೆ ಎದ್ದಿತು, ಕೈ ಎದ್ದಿತು, ನೀರು ಕಲಕದಂತೆ, ಸದ್ದಿಲ್ಲದೆ, ಅಪ್ಪನ ಶರಟು ಬೆನ್ನ ಮೇಲೆ ಉಬ್ಬಿಕೊಂಡು, ಅಮ್ಮ ಈಜಿಕೊಂಡು ಹೋಗುತ್ತಿದ್ದಳು.

"ಎಂತ ಈಜು ಮಾರಾಯ್ತಿ!" ಎಂದ ಜೋಯೆಲ್. ಪಣಂಬೂರಿನ ಹೆಸರು ಎತ್ತಲಿಲ್ಲ.

ನಾನು ಎದ್ದು ನಿಂತು, ಚೊಂಬನ್ನು ಎದೆಗವಚಿಕೊಂಡು, ಇಡೀ ಗ್ಯಾಲ್ವೆಸ್ಟನ್ ತಿರುಗಿ ನೋಡುವ ಹಾಗೆ ಕೂಗಿದೆ. "ಅಮ್ಮಾ, ಸಾಕು! ಆಳ ಇದೆ! ವಾಪಸ್ ಬಾ!" ಅಮ್ಮ ತಿರುಗಿ ನೋಡಲಿಲ್ಲ. ಇಪ್ಪತ್ತೈದು ವರ್ಷ ದಡದಲ್ಲಿ ಕೂತಿದ್ದವಳು, ಇನ್ನೊಂದಿಷ್ಟು ಹೊತ್ತು ನೀರಿನಲ್ಲೇ ಇರಲಿ ಎನ್ನಿಸಿತು. ಕಣ್ಣೊರೆಸಿಕೊಂಡು, ಅವಳ ಚಪ್ಪಲಿಯ ಪಕ್ಕ, ಬ್ಯಾಗು ಕಾಯುತ್ತ ಕೂತೆ.